ಕ್ವಿಬೆಕ್ ಎರಡು ಸಲ ‘ಬೇಡ’ ಎಂದದ್ದೇಕೆ?

ಸಾಗರದಿಂದ ನಿವೃತ್ತ ಹೈಸ್ಕೂಲ್ ಮೇಷ್ಟ್ರೊಬ್ಬರು ನಮಗೆ ಉದ್ದದ ಪತ್ರ ಬರೆದಿದ್ದಾರೆ. ಸಾರ ಇಷ್ಟು: ‘ಮಗಳು, ಅಳಿಯ ಕೆನಡಾದ ಮಾಂಟ್ರಿಯಲ್‌ನಲ್ಲಿ ಇದ್ದಾರೆ. ಮೊಮ್ಮಗಳು ಫ್ರೆಂಚ್ ಶಾಲೆಗೆ ಹೋಗುತ್ತಾಳೆ. ಇಂಗ್ಲಿಷ್ ಶಾಲೆಗೆ ಸೇರಿಸೋಣವೆಂದರೆ ಅಲ್ಲಿನ ಕಾನೂನು ಬಿಡುವುದಿಲ್ಲವಂತೆ. 1995ರಲ್ಲಿ ಆ ಕ್ವಿಬೆಕ್ ಪ್ರಾಂತ್ಯ ಕೆನಡಾದಿಂದ ಬೇರೆಯಾಗಬೇಕೋ ಬೇಡವೋ ಎಂದು ಮತ ಹಾಕಿತ್ತು, ಕೂದಲೆಳೆಯ ಅಂತರದಲ್ಲಿ ದೇಶ ಉಳಿಯಿತು ಎಂದು ಅಳಿಯ ಹೇಳಿದರು. ತನ್ನನ್ನೇ ಒಡೆಯುವ ಮತದಾನಕ್ಕೆ ಒಂದು ದೇಶ ಹೇಗೆ ಬಿಟ್ಟಿತು? ಅವತ್ತು ಬೇರೆಯಾಗುವವರು ಗೆದ್ದಿದ್ದರೆ ಮರುದಿನವೇ ಹೊಸ ದೇಶ ಹುಟ್ಟುತ್ತಿತ್ತೇ? ಬೇರೆಯಾಗುತ್ತೇವೆ ಎಂದು ಹೆದರಿಸಿದ್ದರಿಂದಲೇ ಅಲ್ಲವೇ ಅವರ ಭಾಷೆ ಉಳಿದದ್ದು? ನಾವು ಕನ್ನಡದವರು ಮನವಿ ಪತ್ರ ಕೊಡುವುದರಲ್ಲೇ ಕಾಲ ಕಳೆದೆವು.’

ಮೇಷ್ಟ್ರೇ, ನಿಮ್ಮ ಕೊನೆಯ ಪ್ರಶ್ನೆಯೇ ಈ ಪತ್ರದ ಜೀವ. ಮೊದಲಿನ ಎರಡನ್ನು ದಾಟದೆ ಅದಕ್ಕೆ ಬರಲು ಆಗುವುದಿಲ್ಲ. ಆದರೂ ನನ್ನ ಅಭಿಪ್ರಾಯ ಈಗಲೇ ಹೇಳಿಬಿಡುತ್ತೇನೆ. ಕ್ವಿಬೆಕ್‌ನಲ್ಲಿ ಫ್ರೆಂಚ್ ಗಟ್ಟಿಯಾಗಿ ನಿಂತದ್ದು 1977ರ ಒಂದು ಕಾನೂನಿನಿಂದ. ಮತದಾನ ಎರಡೂ ಅದಾದ ಮೇಲೆ ನಡೆದವು, ಒಂದು 1980ರಲ್ಲಿ, ಇನ್ನೊಂದು 1995ರಲ್ಲಿ. ಎರಡರಲ್ಲೂ ಬೇರೆಯಾಗಬೇಕು ಎಂದವರು ಸೋತರು. ಅವರ ಸೋಲಿಗೆ ಆ ಕಾನೂನೂ ಒಂದು ದೊಡ್ಡ ಕಾರಣ ಎಂದು ನಾನು ನಂಬಿದ್ದೇನೆ.

ಕೆನಡಾ ಹೇಗೆ ಬಿಟ್ಟಿತು ಎಂಬುದನ್ನು ಮೊದಲು ನೋಡೋಣ. ನಮ್ಮಲ್ಲಿ ಈ ವಿಚಾರ ಶುರುವಿನಲ್ಲೇ ತೀರ್ಮಾನವಾಯಿತು. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್ ಅವರು ಕರಡನ್ನು ಮಂಡಿಸುತ್ತಾ ಸ್ಪಷ್ಟವಾಗಿ ಹೇಳಿದರು: ಭಾರತದ ಒಕ್ಕೂಟ ರಾಜ್ಯಗಳು ಮಾಡಿಕೊಂಡ ಒಪ್ಪಂದದಿಂದ ಹುಟ್ಟಿದ್ದಲ್ಲ, ಆದ್ದರಿಂದ ಯಾವ ರಾಜ್ಯಕ್ಕೂ ಬಿಟ್ಟುಹೋಗುವ ಹಕ್ಕಿಲ್ಲ. ಕೆನಡಾದ ಸಂವಿಧಾನ ಈ ವಿಷಯದಲ್ಲಿ ಬಾಯಿಯನ್ನೇ ಬಿಟ್ಟಿಲ್ಲ. ಹೋಗಬಹುದು ಎಂದೂ ಇಲ್ಲ, ಹೋಗಬಾರದು ಎಂದೂ ಇಲ್ಲ. ತನ್ನ ಜನರನ್ನು ಒಂದು ಪ್ರಶ್ನೆ ಕೇಳುವುದಕ್ಕೆ ಪ್ರಾಂತ್ಯಕ್ಕೆ ಯಾರ ಅಪ್ಪಣೆಯೂ ಬೇಕಿರಲಿಲ್ಲ.

ಆದರೆ ಅಸಲು ಕಾರಣ ಸಂವಿಧಾನದ ಮೌನ ಅಲ್ಲ. 1960ರ ದಶಕದಲ್ಲಿ ಮಾಂಟ್ರಿಯಲ್‌ನಲ್ಲಿ ಬಾಂಬ್‌ಗಳು ಸಿಡಿಯುತ್ತಿದ್ದವು. 1970ರ ಅಕ್ಟೋಬರ್‌ನಲ್ಲಿ, ಕ್ವಿಬೆಕ್ ಬೇರೆಯಾಗಬೇಕು ಎನ್ನುತ್ತಿದ್ದ ಒಂದು ಉಗ್ರ ಗುಂಪು ಬ್ರಿಟಿಷ್ ರಾಜತಾಂತ್ರಿಕ ಜೇಮ್ಸ್ ಕ್ರಾಸ್ ಅವರನ್ನು ಅಪಹರಿಸಿತು. ಪ್ರಾಂತ್ಯದ ಸಚಿವ ಪಿಯೆರ್ ಲಪೋರ್ಟ್ ಅವರನ್ನು ಹಿಡಿದುಕೊಂಡು ಹೋಗಿ ಕೊಂದಿತು. ಸೈನ್ಯ ಬೀದಿಗೆ ಇಳಿಯಿತು, ನೂರಾರು ಜನರನ್ನು ವಾರಂಟ್ ಇಲ್ಲದೆ ಹಿಡಿದರು. ಅದೇ ಕಾಲದಲ್ಲಿ ರೆನೆ ಲೆವೆಕ್ ಎಂಬ ಹಳೇ ಪತ್ರಕರ್ತ 1968ರಲ್ಲಿ ಕಟ್ಟಿದ ಪಾರ್ಟಿ ಕೆಬೆಕ್ವಾ, ನಮಗೆ ಬಾಂಬ್ ಬೇಡ, ಜನರನ್ನೇ ಕೇಳುತ್ತೇವೆ, ಅವರು ಒಪ್ಪಿದರೆ ಮಾತ್ರ ಮುಂದೆ ಹೋಗುತ್ತೇವೆ ಎನ್ನುತ್ತಿತ್ತು. 1976ರ ನವೆಂಬರ್ 15ರಂದು ಆ ಪಕ್ಷ ಪ್ರಾಂತ್ಯದ ಚುನಾವಣೆ ಗೆದ್ದಿತು. ಹೀಗೆ ಗೆದ್ದವರ ಬಾಯಿ ಮುಚ್ಚಿಸಿದ್ದರೆ ಯುವಕರು ಯಾರ ಹಿಂದೆ ಹೋಗುತ್ತಿದ್ದರು? ಪ್ರಧಾನಿ ಪಿಯೆರ್ ಟ್ರುಡೊ ಸ್ವತಃ ಕ್ವಿಬೆಕ್‌ನವರು, ಫ್ರೆಂಚ್‌ನಲ್ಲೇ ವಾದ ಮಾಡಬಲ್ಲವರು. ಅವರು ಮತದಾನವನ್ನು ತಡೆಯಲಿಲ್ಲ. ಅಲ್ಲಿಗೇ ಹೋಗಿ ವಾದ ಮಾಡಿದರು. ಅದು ಕೆನಡಾ ಮಾಡಿದ ಅತ್ಯಂತ ಬುದ್ಧಿವಂತ ಕೆಲಸ.

1980ರ ಮೇ 20ರಂದು ನಡೆದದ್ದು ಮೊದಲ ಮತದಾನ. ಅವತ್ತು ಕೇಳಿದ್ದು ಪೂರ್ತಿ ಬೇರೆಯಾಗುವುದಕ್ಕಲ್ಲ, ಬೇರೆಯಾಗುವ ಬಗ್ಗೆ ಮಾತುಕತೆ ನಡೆಸಲು ಒಪ್ಪಿಗೆ. ಮಾತುಕತೆ ಮುಗಿದ ಮೇಲೆ ಇನ್ನೊಂದು ಸಲ ನಿಮ್ಮ ಹತ್ತಿರ ಬರುತ್ತೇವೆ ಎಂಬ ಭರವಸೆಯನ್ನೂ ಪ್ರಶ್ನೆಯೊಳಗೇ ಸೇರಿಸಿದ್ದರು. ಅಷ್ಟು ಮೆದುವಾಗಿ ಕೇಳಿದರೂ ಶೇ 59.56 ಜನ ‘ಬೇಡ’ ಎಂದರು.

ಕತೆ ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯದೇ ಇದ್ದದ್ದಕ್ಕೆ ಕೆನಡಾದ ಉಳಿದವರು ಕಾರಣ. ‘ಬೇಡ’ ಎನ್ನಿ, ದೇಶವನ್ನು ಹೊಸದಾಗಿ ರೂಪಿಸುತ್ತೇವೆ ಎಂದು ಟ್ರುಡೊ ಮಾತು ಕೊಟ್ಟಿದ್ದರು. 1982ರಲ್ಲಿ ಹೊಸ ಸಂವಿಧಾನ ಬಂತು. ಒಂಬತ್ತು ಪ್ರಾಂತ್ಯಗಳು ಒಪ್ಪಿದವು, ಕ್ವಿಬೆಕ್ ಒಪ್ಪಲಿಲ್ಲ. ಅದನ್ನು ಬಿಟ್ಟೇ ಜಾರಿ ಮಾಡಿದರು. ಕ್ವಿಬೆಕ್ ಇವತ್ತಿಗೂ ಅದಕ್ಕೆ ಒಪ್ಪಿಗೆ ಕೊಟ್ಟಿಲ್ಲ. ಉಳಿಯುತ್ತೇವೆ ಎಂದವರಿಗೆ ಇದು ಎಷ್ಟು ನೋವು ಕೊಟ್ಟಿರಬೇಡ ಹೇಳಿ.

ಆ ಗಾಯ ಮಾಯಿಸಲು 1987ರಲ್ಲಿ ಮೀಚ್ ಲೇಕ್ ಎಂಬಲ್ಲಿ ಒಂದು ಒಪ್ಪಂದ ಮಾಡಿಕೊಂಡರು. ಕ್ವಿಬೆಕ್ ಒಂದು ‘ವಿಶಿಷ್ಟ ಸಮಾಜ’ ಎಂದು ಸಂವಿಧಾನದಲ್ಲೇ ಬರೆಯುವುದು ಅದರ ಮುಖ್ಯ ಅಂಶ. ಎಲ್ಲ ಪ್ರಾಂತ್ಯಗಳೂ 1990ರ ಜೂನ್ ಒಳಗೆ ಅಂಗೀಕರಿಸಬೇಕಿತ್ತು. ಕೊನೆಯ ದಿನಗಳಲ್ಲಿ ಮ್ಯಾನಿಟೋಬಾ ಪ್ರಾಂತ್ಯದ ಶಾಸನಸಭೆಯಲ್ಲಿ ನಡೆದದ್ದನ್ನು ಸ್ವಲ್ಪ ನಿಂತು ನೋಡಬೇಕು. ಸಮಯ ಇಲ್ಲದ್ದರಿಂದ ನಿಯಮ ಬದಿಗಿಟ್ಟು ಚರ್ಚೆಗೆ ತೆಗೆದುಕೊಳ್ಳಬೇಕಿತ್ತು, ಅದಕ್ಕೆ ಸಭೆಯಲ್ಲಿ ಒಬ್ಬರೂ ಅಡ್ಡಿ ಹೇಳಬಾರದು. ಇಲೈಜಾ ಹಾರ್ಪರ್ ಎಂಬ ಮೂಲನಿವಾಸಿ ಶಾಸಕರು ಕೈಯಲ್ಲಿ ಹದ್ದಿನ ಗರಿ ಹಿಡಿದು ಕೂತಿದ್ದರು. ಸಭಾಧ್ಯಕ್ಷರು ಕೇಳಿದಾಗಲೆಲ್ಲ ಮೆಲುದನಿಯಲ್ಲಿ ‘ಇಲ್ಲ’ ಎಂದರು. ಮರುದಿನ ಮತ್ತೆ ಕೇಳಿದರು, ಮತ್ತೆ ‘ಇಲ್ಲ’. ಈ ಒಪ್ಪಂದದಲ್ಲಿ ಇಂಗ್ಲಿಷಿನವರು ಇದ್ದಾರೆ, ಫ್ರೆಂಚಿನವರು ಇದ್ದಾರೆ, ಇವರಿಬ್ಬರಿಗೂ ಮೊದಲಿಂದ ಈ ನೆಲದಲ್ಲಿರುವ ನಾವು ಎಲ್ಲಿದ್ದೇವೆ ಎಂಬುದು ಅವರ ಜನರ ತಕರಾರು. ಗಡುವು ಮುಗಿಯಿತು, ಒಪ್ಪಂದ ಬಿತ್ತು. ಹಾರ್ಪರ್ ಅವರ ಮೇಲೆ ನನಗೆ ತುಂಬಾ ಗೌರವ ಇದೆ. ಆದರೆ ಕ್ವಿಬೆಕ್‌ಗೆ ಕಂಡದ್ದು ಇಷ್ಟೇ: ಕೆನಡಾ ಮತ್ತೆ ನಮ್ಮನ್ನು ಬೇಡ ಎಂದಿತು.

ಲೂಸಿಯಾನ್ ಬುಶಾರ್ ಎಂಬ ಕೇಂದ್ರ ಸಚಿವರು ಒಪ್ಪಂದ ಬೀಳುವ ಮೊದಲೇ, ಅದನ್ನು ಸಡಿಲಿಸಲು ಹೊರಟಿದ್ದಾರೆ ಎಂದು ರಾಜೀನಾಮೆ ಕೊಟ್ಟಿದ್ದರು, ಅದು ಬಿದ್ದ ಸಿಟ್ಟಿನ ಬೆಂಕಿಯಲ್ಲಿ ಹೊಸ ಪಕ್ಷ ಕಟ್ಟಿದರು. 1993ರ ಚುನಾವಣೆಯಲ್ಲಿ ಅದಕ್ಕೆ 54 ಸ್ಥಾನ ಸಿಕ್ಕಿತು. ದೇಶ ಬಿಡಬೇಕು ಎನ್ನುವ ಪಕ್ಷವೇ ಆ ದೇಶದ ಸಂಸತ್ತಿನಲ್ಲಿ ಅಧಿಕೃತ ವಿರೋಧ ಪಕ್ಷ ಆಯಿತು! ಮರುವರ್ಷ ಪ್ರಾಂತ್ಯದಲ್ಲಿ ಜಾಕ್ ಪಾರಿಝೋ ನೇತೃತ್ವದಲ್ಲಿ ಪಾರ್ಟಿ ಕೆಬೆಕ್ವಾ ಮತ್ತೆ ಅಧಿಕಾರಕ್ಕೆ ಬಂತು. ಎರಡನೇ ಮತದಾನಕ್ಕೆ 1995ರ ಅಕ್ಟೋಬರ್ 30 ಎಂದು ದಿನ ಗೊತ್ತಾಯಿತು.

ಮತಪತ್ರದಲ್ಲಿದ್ದ ಪ್ರಶ್ನೆಯನ್ನು ಪೂರ್ತಿ ಕೊಡುತ್ತೇನೆ, ಓದಿ: ‘ಹೊಸ ಆರ್ಥಿಕ ಮತ್ತು ರಾಜಕೀಯ ಪಾಲುದಾರಿಕೆಗಾಗಿ ಕೆನಡಾದ ಮುಂದೆ ವಿಧಿವತ್ತಾಗಿ ಪ್ರಸ್ತಾವ ಇಟ್ಟ ನಂತರ, ಕ್ವಿಬೆಕ್‌ನ ಭವಿಷ್ಯ ಕುರಿತ ಮಸೂದೆ ಹಾಗೂ 1995ರ ಜೂನ್ 12ರಂದು ಸಹಿಯಾದ ಒಪ್ಪಂದದ ಚೌಕಟ್ಟಿನೊಳಗೆ, ಕ್ವಿಬೆಕ್ ಸಾರ್ವಭೌಮವಾಗಬೇಕು ಎಂಬುದನ್ನು ನೀವು ಒಪ್ಪುತ್ತೀರಾ?’

‘ದೇಶ’ ಎಂಬ ಮಾತು ಇಲ್ಲಿ ಎಲ್ಲೂ ಇಲ್ಲ. ಬಿಟ್ಟುಹೋಗುವುದು ಎಂಬುದೂ ಇಲ್ಲ. ಜೂನ್ 12ರ ಒಪ್ಪಂದ ಎಂದರೆ ಕೆನಡಾ ಜೊತೆಗಿನ ಒಪ್ಪಂದ ಇರಬೇಕು ಎಂದು ಯಾರಿಗಾದರೂ ಅನಿಸಬಹುದು. ಅದು ಪಾರಿಝೋ, ಬುಶಾರ್ ಮತ್ತು ಇನ್ನೊಂದು ಸಣ್ಣ ಪಕ್ಷದ ಮಾರಿಯೋ ದುಮಾಂ ತಮ್ಮ ತಮ್ಮಲ್ಲೇ ಮಾಡಿಕೊಂಡದ್ದು. ‘ಹೌದು’ ಎಂದರೂ ಕ್ವಿಬೆಕ್ ಕೆನಡಾದ ಪ್ರಾಂತ್ಯವಾಗೇ ಉಳಿಯುತ್ತದೆ ಎಂದುಕೊಂಡವರು ಆಗಿನ ಸಮೀಕ್ಷೆಗಳಲ್ಲಿ ಗಣನೀಯವಾಗಿ ಕಂಡರು. ಇದನ್ನು ಸ್ಕಾಟ್ಲೆಂಡ್‌ನವರು 2014ರ ಸೆಪ್ಟೆಂಬರ್ 18ರಂದು ಕೇಳಿದ ಪ್ರಶ್ನೆಯ ಪಕ್ಕ ಇಡಿ: ‘ಸ್ಕಾಟ್ಲೆಂಡ್ ಸ್ವತಂತ್ರ ದೇಶವಾಗಬೇಕೇ?’ ಅಷ್ಟೇ. ಅಲ್ಲೂ ಸರ್ಕಾರದ ಮೊದಲ ಕರಡಿನಲ್ಲಿ ‘ನೀವು ಒಪ್ಪುತ್ತೀರಾ’ ಎಂದಿತ್ತು. ಹಾಗೆ ಕೇಳಿದರೆ ಮತದಾರ ಹೂಂ ಎನ್ನುವ ಕಡೆಗೆ ವಾಲುತ್ತಾನೆ ಎಂದು ಚುನಾವಣಾ ಆಯೋಗ ಹೇಳಿತು, ಸರ್ಕಾರ ತೆಗೆದುಹಾಕಿತು. ಉತ್ತರದ ಅರ್ಧ ಪ್ರಶ್ನೆಯಲ್ಲೇ ಇರುತ್ತದೆ ಎಂಬುದು ನಿಮಗೆ ಹೊಸದಲ್ಲ, ಪ್ರಶ್ನೆಪತ್ರಿಕೆ ತೆಗೆದವರು ನೀವು.

ಪ್ರಚಾರದ ಶುರುವಿನಲ್ಲಿ ‘ಬೇಡ’ ಕಡೆಯವರು ಆರಾಮಾಗಿ ಮುಂದಿದ್ದರು. ಅಕ್ಟೋಬರ್ 7ರಂದು ಪಾರಿಝೋ, ಕೆನಡಾ ಜೊತೆ ಮಾತುಕತೆ ನಡೆಸುವವರು ಬುಶಾರ್ ಎಂದು ಘೋಷಿಸಿದರು. ಗಾಳಿ ತಿರುಗಿತು. ಬುಶಾರ್ ಹಿಂದಿನ ವರ್ಷವಷ್ಟೇ ಭೀಕರ ಸೋಂಕಿಗೆ ಸಿಕ್ಕಿ ಒಂದು ಕಾಲು ಕಳೆದುಕೊಂಡಿದ್ದರು. ಸಾವಿನ ಬಾಗಿಲಿಂದ ಬಂದ ಮನುಷ್ಯ ಕೋಲು ಊರಿಕೊಂಡು ವೇದಿಕೆ ಹತ್ತಿದರೆ ಸಭೆ ಕರಗಿಹೋಗುತ್ತಿತ್ತು. ‘ಹೌದು’ ಪೋಸ್ಟರ್‌ಗಳೂ ಹಾಗೇ ಇದ್ದವು, ಫ್ರೆಂಚ್‌ನ ‘ವುಯಿ’ಯ ಮೊದಲ ಅಕ್ಷರದ ಸೊನ್ನೆಯಲ್ಲಿ ಒಂದು ಕಡೆ ಸೇವಂತಿಗೆಯಂಥ ಹೂ, ಇನ್ನೊಂದು ಕಡೆ ಶಾಂತಿಯ ಚಿಹ್ನೆ, ಮತ್ತೊಂದರಲ್ಲಿ ಕೆನಡಾದ್ದೇ ಒಂದು ಡಾಲರ್ ನಾಣ್ಯ. ನಾಣ್ಯ ಯಾಕೆಂದರೆ, ಬೇರೆಯಾದರೂ ದುಡ್ಡು ಅದೇ ಇರುತ್ತದೆ, ಹೆದರಬೇಡಿ ಎಂದು.

ಆ ಕಡೆ ಕೆನಡಾದ ರಾಜಧಾನಿ ಒಟ್ಟಾವಾ ಗಾಬರಿಯಾಯಿತು. ಅಕ್ಟೋಬರ್ 27ರ ಶುಕ್ರವಾರ ದೇಶದ ಮೂಲೆಮೂಲೆಯಿಂದ ಜನ ಮಾಂಟ್ರಿಯಲ್‌ಗೆ ಬಂದಿಳಿದರು. ವಿಮಾನ ಕಂಪನಿಗಳು ಟಿಕೆಟ್ ದರ ಭಾರೀ ಇಳಿಸಿದ್ದವು. ಜನರ ತಲೆ ಮೇಲೆ ಕೈಯಿಂದ ಕೈಗೆ ದೊಡ್ಡದೊಂದು ಕೆನಡಾ ಬಾವುಟ ಸಾಗಿತು, ‘ಹೋಗಬೇಡಿ’ ಎಂದು ಕೂಗಿದರು. ಅದು ಎಷ್ಟು ಮತ ತಂದಿತು, ಎಷ್ಟು ಕಳೆಯಿತು ಎಂದು ಈಗಲೂ ಅಲ್ಲಿ ಜಗಳ ನಡೆಯುತ್ತದೆ. ಎಂಟು ವರ್ಷ ಮೊದಲೇ ಇವರು ಬಂದು ‘ವಿಶಿಷ್ಟ ಸಮಾಜ’ ಎಂಬ ಎರಡು ಪದಕ್ಕೆ ಹೀಗೆ ಕೂಗಿದ್ದರೆ ಈ ಸಭೆಯೇ ಬೇಕಿರಲಿಲ್ಲ ಅನ್ನುವುದು ನನ್ನ ಎಣಿಕೆ.

ಶೇ 93.52ರಷ್ಟು ಮತದಾನ ಆಯಿತು. ಎಣಿಕೆ ಶುರುವಾದಾಗ ‘ಹೌದು’ ಮುಂದಿತ್ತು. ಮಾಂಟ್ರಿಯಲ್‌ನ ಪೆಟ್ಟಿಗೆಗಳು ತೆರೆದಂತೆ ಅಂತರ ಕರಗುತ್ತಾ ಹೋಯಿತು. ರಾತ್ರಿ ಹತ್ತು ದಾಟಿದ ಮೇಲೆ ಗೊತ್ತಾಯಿತು: ‘ಬೇಡ’ ಶೇ 50.58, ‘ಹೌದು’ ಶೇ 49.42. ಅಂತರ 54,288 ಮತ. ಅವತ್ತು ತಿರಸ್ಕೃತವಾದ ಮತಪತ್ರಗಳೇ 86 ಸಾವಿರಕ್ಕೂ ಜಾಸ್ತಿ. ಲವಾಲ್ ನಗರದ ಶೋಮೆದಿ ಕ್ಷೇತ್ರದಲ್ಲಿ ‘ಬೇಡ’ ಎನ್ನುವವರೇ ತುಂಬಿದ್ದರು. ಅಲ್ಲಿ ಶೇ 11ಕ್ಕೂ ಹೆಚ್ಚು ಮತಗಳನ್ನು, ಗುರುತು ಸರಿ ಇಲ್ಲ ಎಂದು ಎಣಿಸುವವರು ಪಕ್ಕಕ್ಕೆ ಹಾಕಿದ್ದರು. ಒಂದು ದೇಶದ ಹಣೆಬರಹ ಗೀಟು ಸೊಟ್ಟಗಿದೆಯೋ ನೆಟ್ಟಗಿದೆಯೋ ಎಂಬುದರ ಮೇಲೆ ನಿಲ್ಲಬಾರದು, ಅಲ್ವಾ?

ಆ ರಾತ್ರಿ ಪಾರಿಝೋ ವೇದಿಕೆ ಮೇಲೆ ಹೇಳಿದ ಮಾತು ನಿಮ್ಮ ಮಗಳ ಮನೆಗೆ ನೇರವಾಗಿ ಸಂಬಂಧಪಟ್ಟದ್ದು. ನಾವು ಸೋತದ್ದು ದುಡ್ಡಿನಿಂದ ಮತ್ತು ಜನಾಂಗೀಯ ಮತಗಳಿಂದ ಎಂದರು. ಅಂದರೆ ಹೊರಗಿನಿಂದ ಬಂದು ನೆಲೆಸಿದವರಿಂದ, ಗ್ರೀಕರು, ಇಟಲಿಯವರು, ನಮ್ಮಂಥವರು. ಫ್ರೆಂಚ್ ಮಾತಾಡುವವರಲ್ಲಿ ಸುಮಾರು ಶೇ 60ರಷ್ಟು ಜನ ‘ಹೌದು’ ಎಂದಿದ್ದು, ಉಳಿದವರು ಬಹುಪಾಲು ‘ಬೇಡ’ ಎಂದಿದ್ದು ನಿಜ. ಆದರೆ ಮತಪೆಟ್ಟಿಗೆಗೆ ಬಿದ್ದ ಮೇಲೆ ಇದು ನಮ್ಮವರ ಮತ, ಇದು ಅವರ ಮತ ಎಂದು ವಿಂಗಡಿಸುವವನಿಗೆ ಮತದಾನ ಕೇಳುವ ಯೋಗ್ಯತೆಯೇ ಇಲ್ಲ. ಅವರದೇ ಪಕ್ಷದ ಎಷ್ಟೋ ಜನ ಆ ಮಾತಿಗೆ ತಲೆ ತಗ್ಗಿಸಿದರು. ಪಾರಿಝೋ ಮರುದಿನವೇ ರಾಜೀನಾಮೆ ಪ್ರಕಟಿಸಿದರು.

ಈಗ ನಿಮ್ಮ ಎರಡನೇ ಪ್ರಶ್ನೆ. ‘ಹೌದು’ ಗೆದ್ದಿದ್ದರೆ ಮರುದಿನ ಹೊಸ ದೇಶ ಹುಟ್ಟುತ್ತಿರಲಿಲ್ಲ. ಮಸೂದೆಯ ಪ್ರಕಾರ ಮಾತುಕತೆಗೆ ಒಂದು ವರ್ಷದ ಹೊತ್ತಿತ್ತು, ಅದು ಫಲ ಕೊಡದಿದ್ದರೆ ಕ್ವಿಬೆಕ್ ತಾನೇ ಘೋಷಿಸಿಕೊಳ್ಳುವ ಯೋಜನೆ. ಅಣ್ಣತಮ್ಮಂದಿರು ಪಾಲಾಗುವುದನ್ನು ನಿಮ್ಮ ಮಲೆನಾಡಿನಲ್ಲಿ ನೋಡಿದ್ದೀರಿ. ಪಾಲು ಎಂದು ಬಾಯಲ್ಲಿ ಹೇಳಿದ ಮೇಲೆ ಸೊಸೈಟಿ ಸಾಲ ಯಾರದು, ತೋಟಕ್ಕೆ ನೀರು ಎಲ್ಲಿಂದ, ಅಮ್ಮ ಯಾರ ಮನೆಯಲ್ಲಿ ಎಂಬ ಅಸಲು ಕೆಲಸ ಶುರುವಾಗುವುದು. ಇಲ್ಲಿ ಕೆನಡಾದ ಸಾಲದಲ್ಲಿ ಕ್ವಿಬೆಕ್ ಪಾಲೆಷ್ಟು, ಪಾಸ್‌ಪೋರ್ಟ್ ಯಾವುದು, ಸೈನ್ಯ ಏನಾಗಬೇಕು, ಯಾವುದೂ ತೀರ್ಮಾನವಾಗಿರಲಿಲ್ಲ.

ಇನ್ನೂ ದೊಡ್ಡದೊಂದು ಗಂಟು ಉತ್ತರದಲ್ಲಿತ್ತು. ಪ್ರಾಂತ್ಯದ ಉತ್ತರ ಭಾಗದ ವಿಶಾಲ ನೆಲ ಕ್ರೀ ಮತ್ತು ಇನ್ಯುಯಿಟ್ ಜನರದು. ಕ್ವಿಬೆಕ್‌ನ ಹೆಮ್ಮೆಯಾದ ಜೇಮ್ಸ್ ಬೇ ಜಲವಿದ್ಯುತ್ ಅಣೆಕಟ್ಟುಗಳು ಇರುವುದೂ ಅಲ್ಲೇ. ಕ್ರೀ ಜನ ಅಕ್ಟೋಬರ್ 24ರಂದು ತಮ್ಮದೇ ಮತದಾನ ಮಾಡಿಕೊಂಡರು. ಶೇ 96ಕ್ಕೂ ಹೆಚ್ಚು ಜನ, ನಮ್ಮ ಒಪ್ಪಿಗೆ ಇಲ್ಲದೆ ನಮ್ಮನ್ನೂ ನಮ್ಮ ನೆಲವನ್ನೂ ಕೆನಡಾದಿಂದ ಒಯ್ಯಬೇಡಿ ಎಂದರು. ಎರಡು ದಿನ ಬಿಟ್ಟು ಇನ್ಯುಯಿಟ್‌ರೂ ಹಾಗೇ ಹೇಳಿದರು. ಕ್ವಿಬೆಕ್‌ನ ಜನ ಒಂದು ಜನಾಂಗ, ಅವರಿಗೆ ತಮ್ಮ ದಾರಿ ತಾವೇ ಆರಿಸುವ ಹಕ್ಕಿದೆ ಎಂದರೆ, ಕ್ರೀ ಜನರಿಗೆ ಆ ಹಕ್ಕು ಯಾಕಿಲ್ಲ? ಪಾರಿಝೋ ಸರ್ಕಾರದ ಹತ್ತಿರ ಇದಕ್ಕೆ ಒಪ್ಪುವಂಥ ಉತ್ತರ ಇರಲಿಲ್ಲ. ನನಗೂ ಕಾಣುತ್ತಿಲ್ಲ.

ಕೊನೆಗೆ ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. 1998ರ ಆಗಸ್ಟ್ 20ರಂದು ಕೆನಡಾದ ಸುಪ್ರೀಂ ಕೋರ್ಟ್ ಹೇಳಿದ್ದು: ಕ್ವಿಬೆಕ್‌ಗೆ ಏಕಪಕ್ಷೀಯವಾಗಿ ಹೊರಟುಹೋಗುವ ಹಕ್ಕಿಲ್ಲ. ಆದರೆ ಸ್ಪಷ್ಟ ಪ್ರಶ್ನೆಗೆ ಸ್ಪಷ್ಟ ಬಹುಮತ ಬಂದರೆ ಉಳಿದ ಕೆನಡಾ ಮಾತುಕತೆಗೆ ಕೂರಲೇಬೇಕು. ಇಷ್ಟು ನ್ಯಾಯವಾದ ತೀರ್ಪನ್ನು ನಾನು ಈ ವಿಷಯದಲ್ಲಿ ಬೇರೆಲ್ಲೂ ಕಂಡಿಲ್ಲ. ಎರಡೂ ಕಡೆಯವರು ಗೆದ್ದೆವು ಎಂದರು. 2000ದಲ್ಲಿ ಕೇಂದ್ರ ಒಂದು ಕಾನೂನು ಮಾಡಿ, ಪ್ರಶ್ನೆಯೂ ಬಹುಮತವೂ ಸ್ಪಷ್ಟವೋ ಅಲ್ಲವೋ ಎಂದು ತೂಗುವ ಅಧಿಕಾರವನ್ನು ಸಂಸತ್ತಿಗೆ ಕೊಟ್ಟಿತು. ಎಷ್ಟು ಶೇಕಡಾ ಎಂದು ಮಾತ್ರ ಬರೆಯಲಿಲ್ಲ. ಅದು ತಪ್ಪು, ಮೊದಲೇ ಬರೆಯಬೇಕಿತ್ತು. ಕೆರಿಬಿಯನ್‌ನ ನೆವಿಸ್ ದ್ವೀಪದಲ್ಲಿ ಮೂರನೇ ಎರಡರಷ್ಟು ಬೇಕು ಎಂದು ಮೊದಲೇ ಬರೆದಿದ್ದರು. 1998ರಲ್ಲಿ ಅಲ್ಲಿ ಶೇ 61ಕ್ಕೂ ಹೆಚ್ಚು ಜನ ಬೇರೆಯಾಗೋಣ ಎಂದರೂ ಆಗಲಿಲ್ಲ. ಮಾಂಟೆನೆಗ್ರೊಗೆ ಶೇ 55 ಎಂದು ಗೆರೆ ಎಳೆದಿದ್ದರು. 2006ರಲ್ಲಿ ಅದು ಶೇ 55.5 ಪಡೆದು ದೇಶವಾಯಿತು.

ಇನ್ನು ಭಾಷೆ. 1960ರ ದಶಕದ ಮಾಂಟ್ರಿಯಲ್‌ನಲ್ಲಿ ಫ್ರೆಂಚಿನವರೇ ಜಾಸ್ತಿ, ಆದರೆ ಯಜಮಾನರು ಇಂಗ್ಲಿಷಿನವರು. ಫ್ಯಾಕ್ಟರಿಯಲ್ಲಿ ಕೆಲಸದವರು ಫ್ರೆಂಚ್, ಮೇಲಿನ ಕೋಣೆಯಲ್ಲಿ ಇಂಗ್ಲಿಷ್. ಹೊರಗಿನಿಂದ ಬಂದವರು ಇದನ್ನು ನೋಡಿ ಮಕ್ಕಳನ್ನು ಇಂಗ್ಲಿಷ್ ಶಾಲೆಗೇ ಹಾಕುತ್ತಿದ್ದರು. ಅನ್ನ ಎಲ್ಲಿದೆಯೋ ಅಲ್ಲಿಗೆ ಮಕ್ಕಳನ್ನು ಕಳಿಸುತ್ತಾರೆ, ಅದರಲ್ಲಿ ತಪ್ಪೇನಿದೆ? 1968ರ ಹೊತ್ತಿಗೆ ಸೇಂಟ್ ಲಿಯೊನಾರ್ಡ್ ಎಂಬಲ್ಲಿ ಇಟಲಿಯಿಂದ ಬಂದವರ ಮಕ್ಕಳ ಶಾಲೆಯ ವಿಷಯಕ್ಕೆ ಜಗಳ ಎದ್ದಿತು, 1969ರಲ್ಲಿ ಅದು ಹೊಡೆದಾಟದ ಮಟ್ಟಕ್ಕೆ ಹೋಯಿತು.

1977ರ ಆಗಸ್ಟ್ 26ರಂದು ಬಂದ ಫ್ರೆಂಚ್ ಭಾಷಾ ಕಾನೂನು, ಅಲ್ಲಿನವರು ‘ಬಿಲ್ 101’ ಎನ್ನುವುದು, ಇದನ್ನು ಬುಡದಿಂದ ಬದಲಿಸಿತು. ಹೊಸದಾಗಿ ಬಂದವರ ಮಕ್ಕಳು ಸರ್ಕಾರಿ ದುಡ್ಡಿನ ಶಾಲೆಗೆ ಹೋಗುವುದಾದರೆ ಫ್ರೆಂಚ್ ಶಾಲೆಗೇ ಹೋಗಬೇಕು. ದೊಡ್ಡ ಕಂಪನಿಗಳು ಒಳಗಿನ ಕೆಲಸವನ್ನೂ ಫ್ರೆಂಚ್‌ನಲ್ಲಿ ನಡೆಸಬೇಕು. ಬೋರ್ಡ್ ಫ್ರೆಂಚ್‌ನಲ್ಲಿರಬೇಕು. ಇದಕ್ಕೆ ಬೆಲೆಯನ್ನೂ ತೆತ್ತರು. ಸನ್ ಲೈಫ್ ಎಂಬ ದೊಡ್ಡ ವಿಮಾ ಕಂಪನಿ 1978ರಲ್ಲಿ ಮುಖ್ಯ ಕಚೇರಿಯನ್ನು ಟೊರಾಂಟೊಗೆ ಕಿತ್ತುಕೊಂಡು ಹೋಗುವುದಾಗಿ ಸಾರಿತು, ಇಂಗ್ಲಿಷ್ ಕುಟುಂಬಗಳು ಸಾಲುಸಾಲಾಗಿ ಊರು ಬಿಟ್ಟವು. ಬೋರ್ಡಿನಲ್ಲಿ ಫ್ರೆಂಚ್ ಮಾತ್ರ ಇರಬೇಕು ಎಂಬ ಭಾಗವನ್ನು 1988ರಲ್ಲಿ ಸುಪ್ರೀಂ ಕೋರ್ಟ್ ಹೊಡೆದುಹಾಕಿತು. ಜಗ್ಗಾಡಿ ಜಗ್ಗಾಡಿ 1993ರಲ್ಲಿ, ಬೇರೆ ಭಾಷೆ ಇರಲಿ, ಫ್ರೆಂಚ್ ಎದ್ದು ಕಾಣಬೇಕು ಎಂಬಲ್ಲಿಗೆ ಬಂದು ನಿಂತರು. ನಮ್ಮಲ್ಲಿ 2024ರಲ್ಲಿ ತಂದ, ನಾಮಫಲಕದ ಶೇ 60 ಭಾಗ ಕನ್ನಡ ಇರಬೇಕೆಂಬ ಕಾನೂನಿಗೂ ಇದಕ್ಕೂ ಹೋಲಿಕೆ ನಿಮಗೆ ಕಂಡಿರುತ್ತದೆ.

ಬೋರ್ಡಿಗಿಂತ ಶಾಲೆ ಮುಖ್ಯವಾಯಿತು. ಆ ಕಾನೂನಿನಡಿ ಬೆಳೆದ ವಿಯೆಟ್ನಾಂ, ಹೈಟಿ, ಲೆಬನಾನ್ ಮೂಲದ ಮಕ್ಕಳು ಇವತ್ತು ಮಾಂಟ್ರಿಯಲ್‌ನ ಬಸ್ಸಿನಲ್ಲಿ ತಮ್ಮತಮ್ಮಲ್ಲಿ ಫ್ರೆಂಚ್ ಆಡುತ್ತಾರೆ. ಫ್ರೆಂಚ್ ಮುಳುಗುತ್ತದೆ ಎಂಬ ದಿಗಿಲು ತಗ್ಗಿದಷ್ಟೂ ಬೇರೆಯಾಗುವ ಆತುರವೂ ತಗ್ಗಿತು. ಆ ಕಾನೂನು ತಂದದ್ದು ಪಾರ್ಟಿ ಕೆಬೆಕ್ವಾ ಸರ್ಕಾರವೇ. ತಾವು ಕೇಳುತ್ತಿದ್ದ ದೇಶದ ತುರ್ತನ್ನು ಅವರ ಒಳ್ಳೆಯ ಕೆಲಸವೇ ಕಡಿಮೆ ಮಾಡಿತು. ಹೆದರಿಸಿದ್ದೂ ಕೆಲಸ ಮಾಡಿದೆ ಎಂದು ನೀವು ಹೇಳಬಹುದು. ಸ್ವಲ್ಪ ಮಟ್ಟಿಗೆ ನಿಜ, ಆ ಪಕ್ಷ ಗೆಲ್ಲದಿದ್ದರೆ ಕಾನೂನು ಅಷ್ಟು ಬಿಗಿಯಾಗಿ ಬರುತ್ತಿರಲಿಲ್ಲ. ಆದರೆ ಅದು ಗೆದ್ದದ್ದು ಸಾಮಾನ್ಯ ಚುನಾವಣೆಯಲ್ಲಿ, ಒಳ್ಳೆಯ ಆಡಳಿತ ಕೊಡುತ್ತೇವೆ ಎಂದು ಹೇಳಿ. ನಮ್ಮ ಪಕ್ಕದಲ್ಲೇ ನೋಡಿ. ದ್ರಾವಿಡ ನಾಡು ಬೇಕು ಎನ್ನುತ್ತಿದ್ದ ಡಿಎಂಕೆ 1963ರಲ್ಲಿ ಆ ಬೇಡಿಕೆ ಕೈಬಿಟ್ಟಿತು, 1967ರಲ್ಲಿ ಅಧಿಕಾರಕ್ಕೆ ಬಂತು, ಭಾಷೆಯ ವಿಷಯದಲ್ಲಿ ತನಗೆ ಬೇಕಾದ್ದನ್ನು ಒಕ್ಕೂಟದ ಒಳಗಿದ್ದೇ ಮಾಡಿಕೊಂಡಿತು.

ಮನವಿ ಪತ್ರ ಕೊಟ್ಟೇ ಕಾಲ ಕಳೆದೆವು ಎಂದು ಬರೆದಿದ್ದೀರಿ. ಪೂರ್ತಿ ಹಾಗಲ್ಲ. ಪ್ರಾಥಮಿಕ ಶಾಲೆಯಲ್ಲಿ ಮಾತೃಭಾಷೆಯಲ್ಲೇ ಕಲಿಸಬೇಕೆಂದು ನಮ್ಮ ಸರ್ಕಾರ 1994ರಲ್ಲಿ ಆದೇಶ ಮಾಡಿತ್ತು. 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ಮಾಧ್ಯಮವನ್ನು ಹೇರುವ ಅಧಿಕಾರ ಸರ್ಕಾರಕ್ಕಿಲ್ಲ ಎಂದಿತು. ಕ್ವಿಬೆಕ್‌ಗೆ ಆದದ್ದು ನಮಗೆ ಆ ದಾರಿಯಲ್ಲಿ ಆಗುವುದಿಲ್ಲ. ಆದರೆ ಅವರ ಕಾನೂನಿನ ಇನ್ನೊಂದು ಕಾಲು, ಕೆಲಸದ ಜಾಗದ ಭಾಷೆ, ಅದನ್ನು ನಾವು ಸರಿಯಾಗಿ ಮುಟ್ಟಿಯೇ ಇಲ್ಲ. ಬ್ಯಾಂಕಿನ ಕೌಂಟರಿನಲ್ಲಿ, ಆಸ್ಪತ್ರೆಯ ಚೀಟಿಯಲ್ಲಿ, ಗೋದಾಮಿನ ಲೆಕ್ಕದಲ್ಲಿ ಕನ್ನಡ ಬಂದರೆ ಸಂಬಳ ಇದೆ ಎಂದಾಗ ಅಪ್ಪ ಅಮ್ಮ ತಾವಾಗೇ ಕನ್ನಡ ಶಾಲೆ ಹುಡುಕುತ್ತಾರೆ. ನಮ್ಮ ಪತ್ರಿಕೆ ಇದಕ್ಕೇ ಒತ್ತಾಯಿಸುತ್ತಾ ಬಂದಿದೆ, ಮುಂದೆಯೂ ಬಿಡುವುದಿಲ್ಲ.

ಕ್ವಿಬೆಕ್‌ನಲ್ಲಿ ವಿಷಯ ತಣ್ಣಗಾಗಿಲ್ಲ. ಪಾರ್ಟಿ ಕೆಬೆಕ್ವಾದ ನಾಯಕ ಪಾಲ್ ಸೇಂಟ್ ಪಿಯೆರ್ ಪ್ಲಾಮೊಂಡನ್, ತಮಗೆ ಅಧಿಕಾರ ಸಿಕ್ಕರೆ ಮೊದಲ ಅವಧಿಯಲ್ಲೇ ಮೂರನೇ ಮತದಾನ ನಡೆಸುವುದಾಗಿ ಮಾತು ಕೊಟ್ಟಿದ್ದಾರೆ. ಅದು ನಡೆದರೆ ನಿಮ್ಮ ಅಳಿಯ ಯಾವ ಕಡೆಗಾದರೂ ಮತ ಹಾಕಲಿ, ನಾನು ಮೊದಲು ನೋಡುವುದು ಮತಪತ್ರದ ಆ ಒಂದು ವಾಕ್ಯವನ್ನು. ಆಮೇಲೆ ಜೇಮ್ಸ್ ಬೇ ಸುತ್ತಲಿನ ಕ್ರೀ ಹಳ್ಳಿಗಳು ಏನು ಹೇಳುತ್ತವೆ ಎಂಬುದನ್ನು. ಪ್ರಶ್ನೆ ಪ್ರಕಟವಾದ ಕೂಡಲೇ ಅದರ ಪೂರ್ತಿ ಕನ್ನಡ ರೂಪವನ್ನು ಇದೇ ಪುಟದಲ್ಲಿ ಕೊಡುತ್ತೇವೆ.

– ಸಂಪಾದಕ